ಹುಡುಗ ಯಾರದೋ ಬಲೆಗೆ ಬಿದ್ದಿದ್ದಾನೆ ಅಂತ ಗುರುತಿಸೋದು ಹೇಗೆ?

ಹಾಸನದ ಪೋಷಕಿ
ಹೈಸ್ಕೂಲ್ ಹುಡುಗರು ರೂಮಿನ ಬಾಗಿಲು ಹಾಕ್ಕೊಂಡು ಕೂರೋದು, ರೇಗೋದು ಎಲ್ಲ ಮನೆಯಲ್ಲೂ ಇದ್ದದ್ದೇ. ಅದು ವಯಸ್ಸಿನ ಗುಣವೋ, ಆನ್‌ಲೈನಲ್ಲಿ ಯಾರೋ ಹೆದರಿಸಿ ದುಡ್ಡು ಕೀಳ್ತಿದ್ದಾರೋ ಅಂತ ತಿಳಿಯೋದು ಹೇಗೆ? ತಿಳಿದ ಮೇಲೆ ಮೊದಲು ಏನು ಮಾಡಬೇಕು?

ಶಾಲಾ ಆಪ್ತಸಮಾಲೋಚಕಿ
ಒಂದೇ ಲಕ್ಷಣ ನೋಡಿ ತೀರ್ಮಾನಕ್ಕೆ ಬರಬೇಡಿ. ದುಡ್ಡು, ನಿದ್ದೆ, ಗುಟ್ಟು ಮೂರೂ ಒಟ್ಟಿಗೆ ಏರುಪೇರಾದರೆ ಎಚ್ಚರ. ಇನ್ನೂರು, ಐನೂರು ಅಂತ ಪದೇಪದೇ ಕೇಳೋದು, ಗೆಳೆಯರ ಹತ್ತಿರ ಸಾಲ, ಅಪ್ಪನ ಯುಪಿಐನಿಂದ ಗೊತ್ತಿಲ್ಲದ ಹೆಸರಿಗೆ ಹಣ. ಮೆಸೇಜ್ ಬಂದ ಕೂಡಲೇ ತಟ್ಟೆ ಬಿಟ್ಟು ಏಳ್ತಾನೆ ಅಂದರೆ ಆ ಕಡೆಯವರು ಗಡುವು ಕೊಟ್ಟಿರಬಹುದು.

ಸಾಮಾನ್ಯವಾಗಿ ನಡೆಯೋದು ಹೀಗೆ: ಗೇಮ್ ಅಥವಾ ಇನ್‌ಸ್ಟಾಗ್ರಾಂನಲ್ಲಿ ಹುಡುಗಿ ಹೆಸರಲ್ಲಿ ಪರಿಚಯ, ಅಲ್ಲಿಂದ ಮೆಸೇಜ್ ತಾನಾಗೇ ಅಳಿಸಿಹೋಗುವ ಆ್ಯಪ್‌ಗೆ ಕರೆ, ಒಂದು ಖಾಸಗಿ ಫೋಟೊ. ಮರುಕ್ಷಣವೇ ಅವನ ಫಾಲೋವರ್ಸ್ ಪಟ್ಟಿಯ ಸ್ಕ್ರೀನ್‌ಶಾಟ್ ಕಳಿಸಿ, 'ಇವರಿಗೆಲ್ಲ ಕಳಿಸ್ತೀನಿ' ಅಂತ ಬೆದರಿಕೆ.

'ಮನೇಲಿ ಗೊತ್ತಾದ್ರೆ ನಿನ್ನ ಕಥೆ ಮುಗೀತು' ಅನ್ನೋದೇ ಅವರ ದೊಡ್ಡ ಅಸ್ತ್ರ. ನೀವು ಕೂಗಾಡಿದರೆ ಆ ಮಾತು ನಿಜ ಅನಿಸಿ ಹುಡುಗ ಬಾಯಿ ಕಟ್ಟಿಕೊಳ್ತಾನೆ. 'ನಿನ್ನ ತಪ್ಪಲ್ಲ ಕಂದ, ಒಟ್ಟಿಗೆ ನೋಡೋಣ' ಅಂತಲೇ ಶುರುಮಾಡಿ. ಆ ರಾತ್ರಿ ಅವನನ್ನ ಒಬ್ಬನೇ ಮಲಗಲು ಬಿಡಬೇಡಿ, ದಯವಿಟ್ಟು.

ಸೈಬರ್ ದೂರು ಸಹಾಯಕ
ದುಡ್ಡು ಕೊಡಲೇಬೇಡಿ; ಒಮ್ಮೆ ಕೊಟ್ಟರೆ ಮತ್ತೆ ಕೇಳ್ತಾರೆ. ಗಾಬರಿಯಲ್ಲಿ ಚಾಟ್ ಅಳಿಸಿದರೆ ಸಾಕ್ಷಿ ಹೋಯ್ತು. ಯೂಸರ್‌ನೇಮ್, ಪ್ರೊಫೈಲ್ ಲಿಂಕ್, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಮೇಲೆ ಕಾಣುವ ಹೆಸರಷ್ಟೇ ಸಾಲದು, ಅದನ್ನ ಅವರು ಯಾವಾಗ ಬೇಕಾದರೂ ಬದಲಾಯಿಸಬಹುದು. ಹಣ ಹೋಗಿದ್ದರೆ ಯುಪಿಐನ 12 ಅಂಕಿಯ ವಹಿವಾಟು ಸಂಖ್ಯೆ ಬರೆದಿಟ್ಟುಕೊಂಡು ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬ್ಲಾಕ್ ಮಾಡೋದು ಇದೆಲ್ಲ ಆದಮೇಲೆ.

ಮಕ್ಕಳ ಸಹಾಯವಾಣಿ 1098, ಹಗಲು ರಾತ್ರಿ ಸಿಗುತ್ತೆ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳ ವಿಭಾಗದಲ್ಲಿ ದೂರು ಕೊಡಿ. ಫೋಟೊ ಹರಡದಂತೆ ತಡೆಯಲು 'ಟೇಕ್ ಇಟ್ ಡೌನ್' ಅನ್ನೋ ಉಚಿತ ಸೇವೆಯಿದೆ. ಫೋಟೊ ನಿಮ್ಮ ಫೋನಲ್ಲೇ ಇರುತ್ತೆ, ಅದರ ಡಿಜಿಟಲ್ ಗುರುತು, ಅಂದರೆ ಬೆರಳಚ್ಚಿನಂಥ ಒಂದು ಸಂಕೇತ, ಮಾತ್ರ ಹೋಗುತ್ತೆ.

ಆ ಫೋಟೊವನ್ನ 'ಸಾಕ್ಷಿ' ಅಂತ ಮಾವನಿಗೋ ಮೇಷ್ಟ್ರಿಗೋ ವಾಟ್ಸಾಪ್ ಮಾಡಬೇಡಿ. 18 ತುಂಬದವರ ಅಂಥ ಚಿತ್ರ ಕಳಿಸೋದು ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 67ಬಿ ಸೆಕ್ಷನ್ ಪ್ರಕಾರ ಅಪರಾಧ.

ಹಾಸನದ ಪೋಷಕಿ
ಹೇಳಿಕೆ ಕೊಡಲು ಹುಡುಗನನ್ನ ಠಾಣೆಗೆ ಕರ್ಕೊಂಡು ಹೋಗಲೇಬೇಕಾ?

ವಕೀಲರು, ಮಕ್ಕಳ ಪ್ರಕರಣ
ಬೇಡ. ಮಕ್ಕಳನ್ನ ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಗಂಡುಮಕ್ಕಳಿಗೂ ಅನ್ವಯಿಸುತ್ತೆ. ಅದರ 24ನೇ ಸೆಕ್ಷನ್ ಪ್ರಕಾರ ಮನೆಯಲ್ಲೋ ಮಗು ಹೇಳಿದ ಜಾಗದಲ್ಲೋ ಹೇಳಿಕೆ ಪಡೀಬೇಕು, ಪೊಲೀಸರು ಸಮವಸ್ತ್ರದಲ್ಲಿ ಇರಬಾರದು. ಅಪ್ಪ ಅಮ್ಮ ಪಕ್ಕದಲ್ಲಿರಬಹುದು. ದೂರು ಕೊಡುವಾಗಲೇ ಇದನ್ನ ಕೇಳಿಬಿಡಿ.