ಒಂಟಿ ರುಬಿಡಿಯಂ ಪರಮಾಣು ಪತ್ತೆಗೆ ಫಿನೆಸ್ 10,000 ಸಾಕಾ?

ಬದಿಯಡ್ಕ_ಆಪ್ಟಿಕ್ಸ್ (ಕಾಸರಗೋಡು)
ತಂಪುಗೊಳಿಸಿದ ರುಬಿಡಿಯಂ-87 ಮೋಡ 1 ಸೆಂ.ಮೀ. ಕೆಳಗಿನ ಕ್ಯಾವಿಟಿಗೆ (ಎದುರುಬದುರು ಕನ್ನಡಿಗಳ ನಡುವೆ ಬೆಳಕು ಓಡಾಡುವ ಜಾಗ) ಬೀಳುವಾಗ ಪರಮಾಣುಗಳನ್ನು ಒಂದೊಂದಾಗಿ 780 ನ್ಯಾನೊಮೀಟರ್ ಬೆಳಕಿನಲ್ಲಿ ಗುರುತಿಸಬೇಕು. ಕನ್ನಡಿಗಳ ವ್ಯಾಸ 3 ಮಿ.ಮೀ., ವಕ್ರತಾ ತ್ರಿಜ್ಯ 5 ಸೆಂ.ಮೀ., ಅಂತರ 200 ಮೈಕ್ರೋಮೀಟರ್. ಪೇಪರುಗಳಲ್ಲಿ ಕಾಣುವುದು ಹೆಚ್ಚಾಗಿ ಲಕ್ಷದ ಆಸುಪಾಸಿನ ಫಿನೆಸ್ (ಬೆಳಕು ಸೋರುವ ಮುನ್ನ ಕನ್ನಡಿಗಳ ನಡುವೆ ಎಷ್ಟು ಓಡಾಡುತ್ತದೆ ಎಂಬುದರ ಅಳತೆ). ಹತ್ತು ಸಾವಿರದಲ್ಲಿ ಆಗುವುದುಂಟಾ? ಅಂತರ 50ಕ್ಕೆ ಇಳಿಸಬೇಕಾ? ಮಳೆಗಾಲದ ತೇವ ಬೇರೆ ಉಂಟು.

ಹೊಸೂರು_ಲೇಸರ್
ಧಾರಾಳ ಸಾಕು. ಇಲ್ಲಿ ಲೆಕ್ಕಕ್ಕೆ ಬರುವುದು ಫಿನೆಸ್ ಮತ್ತು ಕಿರಣದ ಸೊಂಟ (ಕಿರಣ ಅತಿ ಕಿರಿದಾಗಿರುವ ಜಾಗ) ಎರಡೇ. ಅಂತರ ಕಡಿಮೆಯಾದರೆ ಜಿ (ಪರಮಾಣುವಿಗೂ ಬೆಳಕಿಗೂ ಇರುವ ಜೋಡಣೆಯ ಬಲ) ಏರುತ್ತದೆ, ಕಪ್ಪಾ (ಕ್ಯಾವಿಟಿಯಿಂದ ಬೆಳಕು ಸೋರುವ ದರ) ಕೂಡ ಏರುತ್ತದೆ, ಹಾಗಾಗಿ ಕೋಆಪರೇಟಿವಿಟಿಯಲ್ಲಿ (ಒಂಟಿ ಪರಮಾಣು ಕ್ಯಾವಿಟಿಯ ಬೆಳಕನ್ನು ಎಷ್ಟು ಬದಲಿಸುತ್ತದೆ ಎಂಬ ಅಳತೆಯಲ್ಲಿ) ಅಂತರ ನೇರವಾಗಿ ಉಳಿಯುವುದಿಲ್ಲ. ನಿಮ್ಮ ಅಳತೆಗೆ ಸೊಂಟದ ತ್ರಿಜ್ಯ ಸುಮಾರು 24 ಮೈಕ್ರೋಮೀಟರ್. ಜಿ ವರ್ಗವನ್ನು ಕಪ್ಪಾ-ಗ್ಯಾಮಾ ಗುಣಲಬ್ಧದಿಂದ (ಗ್ಯಾಮಾ ಎಂದರೆ ಪರಮಾಣು ಬೆಳಕು ಹೊರಸೂಸುವ ದರ; ಎರಡೂ ಅರ್ಧ ಅಗಲ) ಭಾಗಿಸಿದರೆ ಕೋಆಪರೇಟಿವಿಟಿ 2.1 ಬರುತ್ತದೆ. ಆಂಟಿನೋಡ್‌ನಲ್ಲಿ (ಬೆಳಕು ಅತಿ ಗಾಢವಾಗಿರುವ ಜಾಗ) ಪರಮಾಣು ಇದ್ದರೆ ಹೊರಬರುವ ಬೆಳಕು ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ನೋಡ್‌ನಲ್ಲಿ (ಬೆಳಕೇ ಇಲ್ಲದ ಜಾಗ) ಹಾದದ್ದು ಕಾಣುವುದೇ ಇಲ್ಲ, ಅದಕ್ಕೆ ಮದ್ದಿಲ್ಲ.

50ಕ್ಕೆ ಇಳಿಸಿದರೆ ಸೊಂಟ ಕಿರಿದಾಗಿ ಈ 2.1 ದುಪ್ಪಟ್ಟಾಗುತ್ತದೆ, ನಿಜ. ಆದರೆ 3 ಮಿ.ಮೀ. ಕನ್ನಡಿಯ ಅಂಚು ತಲಾ 22.5 ಮೈಕ್ರೋಮೀಟರ್ ಮುಂದೆ ಚಾಚಿರುತ್ತದೆ. ಪರಮಾಣು ನುಸುಳಲು ಉಳಿಯುವುದು ಬರೀ 5! ಅಂಚನ್ನು ಶಂಕುವಿನಂತೆ ಅರೆದು ವ್ಯಾಸ 1 ಮಿ.ಮೀ. ಮಾಡದೆ ಆ ಕಡೆ ಹೋಗಬೇಡಿ.

ಎಡವುವುದು ಎಣಿಕೆಯಲ್ಲಿ. ಪರಮಾಣು ಸೆಕೆಂಡಿಗೆ 44 ಸೆಂ.ಮೀ. ವೇಗದಲ್ಲಿ ಬಂದು ಸುಮಾರು 100 ಮೈಕ್ರೋಸೆಕೆಂಡಿನಲ್ಲಿ ದಾಟಿಬಿಡುತ್ತದೆ. ಕ್ಯಾವಿಟಿಯೊಳಗೆ ಸರಾಸರಿ 0.01 ಫೋಟಾನ್ ಇಟ್ಟರೆ, ದಾರಿಯ ನಷ್ಟ ಕಳೆದು ಡಿಟೆಕ್ಟರಿನಲ್ಲಿ ಸೆಕೆಂಡಿಗೆ ಆರೂವರೆ ಲಕ್ಷ ಎಣಿಕೆ ಸಿಗಬಹುದು. 20 ಮೈಕ್ರೋಸೆಕೆಂಡಿನ ಎಣಿಕೆ ತುಣುಕಿಗೆ, ಅಂದರೆ ಬಿನ್‌ಗೆ 13. ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಬಂದರೆ ಪರಮಾಣು ಅಂತ ಗೆರೆ ಹಾಕಿದರೆ, ಖಾಲಿ ಕ್ಯಾವಿಟಿಯೇ ಸೆಕೆಂಡಿಗೆ ನೂರೆಂಬತ್ತರಷ್ಟು ಸುಳ್ಳು ಪರಮಾಣು ತೋರಿಸುತ್ತದೆ. ಬಿನ್ 60ಕ್ಕೆ ಹಿಗ್ಗಿಸಿ, ಸರಾಸರಿ 40ಕ್ಕೆ ಗೆರೆ 15ರಲ್ಲಿಡಿ. ಆಗ ಹತ್ತು ಸೆಕೆಂಡಿಗೊಂದು ಸುಳ್ಳು ಬಂದರೆ ಹೆಚ್ಚು. ಎಣಿಕೆ ಸಾಲದೆಂದು ಬೆಳಕು ಏರಿಸಬೇಡಿ, 0.02 ಫೋಟಾನ್ ಹತ್ತಿರವೇ ಪರಮಾಣು ಸ್ಯಾಚುರೇಟ್ ಆಗತೊಡಗುತ್ತದೆ (ಬೆಳಕು ಹೆಚ್ಚಿದಷ್ಟು ಸ್ಪಂದಿಸಲಾರದು).

ಅಕ್ಕಲಕೋಟೆ_ವ್ಯಾಕ್ಯೂಮ್
ಲಕ್ಷದ ಫಿನೆಸ್ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣ ಲಾಕ್, ಅಂದರೆ ಕನ್ನಡಿಗಳ ಅಂತರವನ್ನು ಲೇಸರಿಗೆ ಹೊಂದುವಂತೆ ಹಿಡಿದಿಡುವುದು. ಹತ್ತು ಸಾವಿರಕ್ಕೆ ರೆಸೊನೆನ್ಸಿನ (ಅಂತರ ಬೆಳಕಿಗೆ ಹೊಂದಿ ಅದು ಹಾದುಬರುವ ಸ್ಥಿತಿ) ಪೂರ್ತಿ ಅಗಲ ಉದ್ದದಲ್ಲಿ 39 ಪಿಕೊಮೀಟರ್, ಲಕ್ಷಕ್ಕೆ 3.9. ಲಾಕ್ ಬೆಳಕು 780 ಬೇಡ, ಪರಮಾಣುವನ್ನೇ ಕೆಣಕುತ್ತದೆ. 830ರ ಸುತ್ತಮುತ್ತ ಇಟ್ಟು, ಡಿಟೆಕ್ಟರಿನ ಮುಂದೆ ಫಿಲ್ಟರ್ ಹಾಕಿ. ಕನ್ನಡಿಗೆ ಎಪಾಕ್ಸಿ ಚುಕ್ಕೆಯಷ್ಟೇ ಸಾಕು. ಸುತ್ತಲೂ ಬಳಿದರೆ ಒಣಗುವಾಗ ಗಾಜು ಬಿಗಿದು ಎರಡು ಧ್ರುವೀಕರಣಗಳ ರೆಸೊನೆನ್ಸ್ ಬೇರೆ ಬೇರೆಯಾಗುತ್ತದೆ. ತೇವದ ಚಿಂತೆ ಜೋಡಿಸುವ ತನಕ ಮಾತ್ರ. ನಿರ್ವಾತಕ್ಕೆ ಮುಂಚೆ ಪೀಜೋಗೆ (ವೋಲ್ಟೇಜಿಗೆ ಹಿಗ್ಗಿ ಕನ್ನಡಿಯನ್ನು ಸರಿಸುವ ಬಿಡಿಭಾಗ) ಹೆಚ್ಚು ವೋಲ್ಟೇಜನ್ನು ಹೊತ್ತುಗಟ್ಟಲೆ ಕೊಡಬೇಡಿ.

ಬದಿಯಡ್ಕ_ಆಪ್ಟಿಕ್ಸ್
ಉಪಕಾರ ಮಾರಾಯ್ರೆ. ಎಣಿಕೆ ಕುಸಿದು 20 ಮೈಕ್ರೋಸೆಕೆಂಡಿನೊಳಗೇ ಮೇಲೆದ್ದರೆ?

ಹೊಸೂರು_ಲೇಸರ್
ಮೊದಲು ರೀಪಂಪ್ (ಜಾರಿದ ಪರಮಾಣುವನ್ನು ಮರಳಿ ತರುವ ಲೇಸರ್) ನೋಡಿ. ಪರಮಾಣು ಎಫ್=1 ಎಂಬ ಇನ್ನೊಂದು ಶಕ್ತಿಮಟ್ಟಕ್ಕೆ ಜಾರಿದರೆ 6.8 ಗಿಗಾಹರ್ಟ್ಸ್ ದೂರ ಹೋಗಿ, ಅಲ್ಲೇ ಇದ್ದರೂ ಕ್ಯಾವಿಟಿಗೆ ಇಲ್ಲದಂತೆಯೇ. ರೀಪಂಪನ್ನು ಪಕ್ಕದಿಂದ ಹಾಯಿಸಿ, ಕನ್ನಡಿಯ ಅಂಚಿಗೆ ತಾಗದಂತೆ.