ಪಾಲಹಳ್ಳಿಯ ಹಳೇ ಸಕ್ಕರೆ ಕಾರ್ಖಾನೆ ಉಳಿಸಲು ಎಲ್ಲಿಂದ ಶುರು ಮಾಡಬೇಕು?

ಕಾವೇರಿತೀರ:
ಮಂಡ್ಯದ ಸಕ್ಕರೆ ಅಂದ್ರೆ ಎಲ್ಲರಿಗೂ 1933ರ ಮೈಶುಗರ್ ನೆನಪಾಗುತ್ತೆ. ಅದಕ್ಕೂ 86 ವರ್ಷ ಮುಂಚೆ, 1847ರಲ್ಲೇ, ಶ್ರೀರಂಗಪಟ್ಟಣದ ಹತ್ತಿರ ಪಾಲಹಳ್ಳಿಯಲ್ಲಿ ಗ್ರೋವ್ಸ್ ಕಂಪನಿಯವರು ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಶುರು ಮಾಡಿದ್ದರು. ಅಲ್ಲಿನ ಸಕ್ಕರೆಗೆ 1851ರ ಲಂಡನ್ ಮಹಾ ವಸ್ತುಪ್ರದರ್ಶನದಲ್ಲಿ ಬಹುಮಾನ ಕೂಡ ಬಂತು. ಈಗ ಉಳಿದಿರುವುದು ಪಾಳು ಗೋಡೆ. ಇದೂ ಬಿದ್ದುಹೋಗುವ ಮುಂಚೆ ಏನಾದರೂ ಮಾಡಲೇಬೇಕು. ಯಾರನ್ನು ಹಿಡಿಯಬೇಕು, ಹೇಳಿ.

ಪಹಣಿಪುಸ್ತಕ:
ಮೊದಲು ಆ ಜಾಗದ ಸರ್ವೆ ನಂಬರ್ ಹುಡುಕಿ ಪಹಣಿ ತೆಗೆಸಿ. ಜಾಗ ಯಾರದು ಅಂತ ತಿಳಿಯದೆ ಅರ್ಜಿ ಹಾಕಿದರೆ ಕಡತ ಟೇಬಲ್ಲಿಂದ ಟೇಬಲ್ಲಿಗೆ ಸುಮ್ನೆ ಅಲೆಯುತ್ತೆ. ಆಮೇಲೆ ಗ್ರಾಮ ಪಂಚಾಯಿತಿಯಲ್ಲಿ ಠರಾವು ಮಾಡಿಸಿ, ಅದರ ಪ್ರತಿ ಇಟ್ಟು ಮೈಸೂರಿನಲ್ಲಿರುವ ರಾಜ್ಯ ಪುರಾತತ್ವ ಇಲಾಖೆಗೆ ಬರೆಯಿರಿ. 1961ರ ರಾಜ್ಯ ಕಾಯ್ದೆಯಲ್ಲಿ ನೂರು ವರ್ಷ ದಾಟಿದ ಕಟ್ಟಡವನ್ನು ಸಂರಕ್ಷಿತ ಸ್ಮಾರಕ ಮಾಡಲು ಅವಕಾಶ ಇದೆ, ಇದಕ್ಕೆ ಆ ವಯಸ್ಸು ಯಾವಾಗಲೋ ಆಗಿದೆ.

ಸುಣ್ಣದಗಾರೆ:
ಕಾಗದಪತ್ರ ಸರಿ, ಆದರೆ ದಯವಿಟ್ಟು ಉತ್ಸಾಹದಲ್ಲಿ ಶ್ರಮದಾನ ಅಂತ ಹುಡುಗರನ್ನು ಕರೆದುಕೊಂಡು ಹೋಗಿ ಗೋಡೆಯ ಗಿಡ ಕೀಳಿಸಬೇಡಿ. ಅರಳಿ ಬೇರು ಇಟ್ಟಿಗೆ ಸಂದಿಯಲ್ಲಿ ಹೆಣೆದುಕೊಂಡಿರುತ್ತೆ, ಜಗ್ಗಿದರೆ ಗೋಡೆಯೇ ಕಿತ್ತುಬರುತ್ತೆ. ಬುಡಕ್ಕೆ ಕತ್ತರಿಸಿ, ಬೇರು ಸಾಯುವ ಹಾಗೆ ಮಾಡಿ, ಆ ಸಂದಿಗೆ ಸುಣ್ಣದ ಗಾರೆ ತುಂಬಬೇಕು. ಸಿಮೆಂಟ್ ಅಂತೂ ಬೇಡವೇ ಬೇಡ. ಸಿಮೆಂಟ್ ಮೆತ್ತಿದರೆ ಒಳಗಿನ ತೇವ ಹೊರಗೆ ಬರಲು ದಾರಿ ಇರಲ್ಲ, ಹಳೇ ಇಟ್ಟಿಗೆ ಪದರ ಪದರವಾಗಿ ಉದುರುತ್ತೆ. ಎಲ್ಲಕ್ಕೂ ಮೊದಲು ಪ್ರತಿ ಗೋಡೆಯ ಅಳತೆ, ಫೋಟೋ ಆಗಲಿ.

ಆಲೆಮನೆ:
ಒಂದು ಮಾತು ಅಣ್ಣಾ. ಫಲಕ ಹಾಕುವಾಗ ‘ಏಷ್ಯಾದಲ್ಲೇ ಮೊದಲು’ ಅಂತ ಬರೆಯಬೇಡಿ. ಜಾವಾದಲ್ಲಿ ಡಚ್ಚರ ಕಾಲಕ್ಕೇ ಸಕ್ಕರೆ ಗಿರಣಿ ಇದ್ದವು. ನಮ್ಮದಕ್ಕೆ ಅದರದೇ ದೊಡ್ಡ ಕಥೆ ಇದೆಯಲ್ವಾ? ಸುತ್ತಲಿನ ರೈತರು ಆಲೆಮನೆಯಲ್ಲಿ ಕಾಯಿಸಿದ ಬೆಲ್ಲ ಕೊಂಡು, ಅದನ್ನೇ ಶುದ್ಧ ಮಾಡಿ ಸಕ್ಕರೆ ತೆಗೆಯುತ್ತಿದ್ದರು. ಲಂಡನ್ನಿನ ಬಹುಮಾನದ ಹಿಂದೆ ಕೊಪ್ಪರಿಗೆ ಮುಂದೆ ನಿಂತು ಪಾಕ ನೋಡಿದವರ ಕೈಚಳಕವೂ ಇದೆ. ಫಲಕದಲ್ಲಿ ಗ್ರೋವ್ಸ್ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ಅದೂ ಬರಬೇಕು.

ಕಾವೇರಿತೀರ:
ಎಲ್ಲರಿಗೂ ಥ್ಯಾಂಕ್ಸ್. ಗಿಡಕ್ಕೆ ಕೈ ಹಾಕಲ್ಲ, ಪಹಣಿಯಿಂದಲೇ ಶುರು ಮಾಡ್ತೀನಿ. ಅಳತೆ ತೆಗೆದು ನಕ್ಷೆ ಬರೆಯಲು ಬರುವವರು ಮೈಸೂರು, ಮಂಡ್ಯ ಕಡೆ ಯಾರಾದರೂ ಇದ್ದರೆ ಇಲ್ಲೇ ತಿಳಿಸಿ, ಮಳೆಗಾಲದ ಒಳಗೆ ಆ ಕೆಲಸ ಮುಗಿಸೋಣ.