ಅವ್ವನ ಸೀರೆಯಲ್ಲಿ ಓಣಿಯವರೆಲ್ಲ ಕೂತು ಕೌದಿ ಹೊಲಿದರೆ ಮನಸ್ಸು ಹಗುರಾಗುತ್ತಾ?

ಕೊಪ್ಪಳದ ಮಗಳು: ಅವ್ವ ತೀರಿಕೊಂಡು ಇನ್ನೂ ವರ್ಷ ಆಗಿಲ್ಲ. ಟ್ರಂಕಿನ ತುಂಬ ಇಳಕಲ್ ಸೀರೆ. ಓಣಿಯ ಹೆಂಗಸರು ಕೂಡಿ ಕೌದಿ ಹೊಲಿಯೋಣ ಅನ್ನುತ್ತಾರೆ. ಕತ್ತರಿ ಹಾಕಲು ಕೈ ಬರುತ್ತಿಲ್ಲ. ಮಾಡಿದವರು ಹೇಳಿ.

ಸಿಂಧನೂರು ಅಕ್ಕ: ನಮ್ಮ ಯಜಮಾನರ ಧೋತರ, ಅಂಗಿ ಎಲ್ಲ ಕೌದಿಗೆ ಹಾಕಿದೆ. ದಾರಕ್ಕೇ 640 ರೂಪಾಯಿ. ಬಂದವರಿಗೆ ಚಹಾ, ಮಂಡಕ್ಕಿ, ಮಿರ್ಚಿ ಅಂತ ಮತ್ತೆ 900. ಒಳಗಿನ ಟೆರಿಕಾಟ್ ಅಂಗಿ ಜಾರಿ ಗಂಟು ಕಟ್ಟಿತು, ಅರ್ಧ ಬಿಚ್ಚಿ ಮತ್ತೆ ಹೊಲಿದೆವು. ಮೊದಲು ಎಲ್ಲರೂ ಅತ್ತರು. ಆಮೇಲೆ ಯಾರ ಸೊಸೆ ಏನಂದಳು ಅನ್ನೋ ಮಾತೇ ಜಾಸ್ತಿ. ನನಗೆ ಬೇಕಾಗಿದ್ದೂ ಅದೇ. ಮನೆಯವರು ನನ್ನೆದುರು ಪಿಸುಗುಟ್ಟುವುದು ಕೇಳಿ ಸಾಕಾಗಿತ್ತು.

ಸಿರುಗುಪ್ಪ ಮಾಸ್ತರ: ಸತ್ತವರ ಬಟ್ಟೆ ಹೊದ್ದು ಮಲಗೋದಾ? ನಾವು ದಾನ ಕೊಡುತ್ತೇವೆ. ತಮ್ಮ ಹೋದ ಮೇಲೆ ನಾನು ಕಿನ್ನಾಳದಲ್ಲಿ ಗೊಂಬೆ ಕಲಿಯಲು ಕೂತೆ. ಹುಣಸೆ ಬೀಜದ ಅಂಟು, ಕಟ್ಟಿಗೆ ಪುಡಿ ಸೇರಿಸಿದ ಕಿಟ್ಟ ಮಳೆಗಾಲದಲ್ಲಿ ಒಣಗಲೇ ಇಲ್ಲ. ಬಣ್ಣ ಪೂರಾ ಎದ್ದು ಬಂತು. ಬಸ್ ಚಾರ್ಜು, ಸಾಮಾನು ಸೇರಿ 3,800 ಹೋಯಿತು. ಆದರೂ ನಾನು ಮಾಡಿದ ಆ ಗರುಡನ ಗೊಂಬೆ ಇವತ್ತಿಗೂ ಟಿವಿ ಪಕ್ಕದಲ್ಲಿದೆ. ಯಾರಿಗೂ ಮುಟ್ಟಲು ಬಿಡುವುದಿಲ್ಲ.

ಸಿಂಧನೂರು ಅಕ್ಕ: ಮಾಸ್ತರೇ, ದಾನ ತೊಗೊಂಡವರು ಹೊದ್ದರೆ ನಡೆಯುತ್ತೆ, ನಾನು ಹೊದ್ದರೆ ನಡೆಯಲ್ವಾ?

ಸಂಡೂರು ತಾಂಡಾದವಳು: 2023ರಲ್ಲಿ ಹಂಪಿಯ ಜಿ-20 ಸಭೆಗೆ ನಮ್ಮ ಸಂಡೂರಿನ 450ಕ್ಕೂ ಹೆಚ್ಚು ಹೆಂಗಸರು 1,755 ಕಸೂತಿ ತುಂಡು ಮಾಡಿದರು. ಗಿನ್ನೆಸ್ ದಾಖಲೆ ಆಯಿತು. ಅದನ್ನು ನೋಡಿಯೇ ನಾನೂ ಸೂಜಿ ಹಿಡಿದೆ, ಆಗಷ್ಟೇ ಮಗಳನ್ನು ಕಳಕೊಂಡಿದ್ದೆ. ಕನ್ನಡಿ, ಕವಡೆ ಕೂರಿಸುವಾಗ ಬೇರೆ ಯೋಚನೆ ಬರಲ್ಲ, ಬಂದರೆ ಸೂಜಿ ಚುಚ್ಚುತ್ತೆ. ಆದರೆ ಮಾರಾಟಕ್ಕೆ ಇಳಿಯಬೇಡಿ. ಚೀಲಗಳ ದುಡ್ಡು 4,200 ಮಧ್ಯವರ್ತಿ ಇನ್ನೂ ಕೊಟ್ಟಿಲ್ಲ. ಈಗ ಸೂಜಿ ಹಿಡಿದರೆ ಅವನ ಮುಖವೇ ನೆನಪಾಗುತ್ತೆ.

ಸಿರುಗುಪ್ಪ ಮಾಸ್ತರ: ದುಃಖದ ಕೆಲಸಕ್ಕೆ ರೇಟು ಕಟ್ಟಿದರೆ ಹೀಗೇ.

ಸಂಡೂರು ತಾಂಡಾದವಳು: ನಿಮಗೆ ತಿಂಗಳ ಪಗಾರ ಬರುತ್ತೆ, ಮಾಸ್ತರೇ. ನಮಗೆ ಕಸೂತಿಯೇ ಪಗಾರ.

ಕೊಪ್ಪಳದ ಮಗಳು: ಜಗಳ ಬೇಡ್ರಿ. ಕೆಂಪು ಸೆರಗು ಬಣ್ಣ ಬಿಡುತ್ತಾ, ಅಷ್ಟು ಹೇಳಿ.

ಸಿಂಧನೂರು ಅಕ್ಕ: ಒಂದು ರಾತ್ರಿ ಉಪ್ಪು ನೀರಲ್ಲಿ ನೆನೆಸಿ, ಏನೂ ಆಗಲ್ಲ.

ಗಂಗಾವತಿ ಟೇಲರ್: ಸುಳ್ಳು. ಉಪ್ಪು ಹಾಕಿದರೂ ಬಿಡುತ್ತೆ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಬಣ್ಣ ಹತ್ತಿದರೆ ಬಿಳಿ ಅಸ್ತರು ಕೊಡಬೇಡಿ.

ಸಿಂಧನೂರು ಅಕ್ಕ: ನಾನು ಸುಳ್ಳು ಹೇಳ್ತೀನಾ? ಫೋಟೋ ಹಾಕಲಾ?